ಒಂದೇ ಅಳತೆಯ ಊರು

ಶಿಷ್ಯ ಚೆನ್ನಮಲ್ಲ ಕೇಳಿದ: "ಗುರುಗಳೇ, ಕದ್ದವನೂ ಕದ್ದಿಲ್ಲ ಅನ್ನುತ್ತಾನೆ, ಕದಿಯದವನೂ ಕದ್ದಿಲ್ಲ ಅನ್ನುತ್ತಾನೆ. ಮತ್ತೆ ಸಿಕ್ಕಿಬಿದ್ದವನ ಮಾತು ಕೇಳಿ ಏನು ಬಂತು?"

ಗುರು ಅಡವಯ್ಯನವರು ಹೇಳಿದರು:

ಒಂದು ಊರಿತ್ತು. ಆ ಊರಿನಲ್ಲಿ ಮೆಟ್ಟು ಹೊಲಿಯುವವನು ಒಬ್ಬನೇ, ಅವನ ಹತ್ತಿರ ಇದ್ದ ಮರದ ಅಚ್ಚೂ ಒಂದೇ. ಸಣ್ಣ ಪಾದದವರು ಮೆಟ್ಟಿನೊಳಗೆ ಚಿಂದಿ ತುರುಕಿಕೊಂಡು ನಡೆಯುತ್ತಿದ್ದರು. ದೊಡ್ಡ ಪಾದದವರು ಹಿಮ್ಮಡಿ ಹೊರಗೆ ಬಿಟ್ಟು ನಡೆಯುತ್ತಿದ್ದರು. ಹುಟ್ಟಿದಂದಿನಿಂದ ಹಾಗೇ ನಡೆದವರಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ.

ಒಂದು ದಿನ ಗುಡಿಯ ಬೆಳ್ಳಿ ದೀಪ ಕಳವಾಯಿತು. ಗೋಡೆಯ ಪಕ್ಕದ ಕೆಸರಿನಲ್ಲಿ ಮೆಟ್ಟಿನ ಗುರುತು ಮೂಡಿತ್ತು. ಊರ ಪದ್ಧತಿಯಂತೆ ತಳವಾರ ಅದರ ಮೇಲೆ ಬುಟ್ಟಿ ಮುಚ್ಚಿದ, ಕಡ್ಡಿ ಮುರಿದು ಅಳತೆ ತೆಗೆದ. ಯಾರ ಕಾಲಿಗೆ ಹಿಡಿಯುವುದು? ಬೇರೆ ಸೀಮೆಯಿಂದ ಬಂದು ನೆಲೆಸಿದ್ದ ಕಂಬಳಿ ವ್ಯಾಪಾರಿಯೊಬ್ಬನಿದ್ದ. ಅವನನ್ನೇ ಎಳೆತಂದರು. ಅವನ ಮೆಟ್ಟಿಗೆ ಹಿಡಿದರೆ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆ ಕಾಲನ್ನು ಕಡಿಯಿರಿ ಎಂದು ಗೌಡ ತೀರ್ಪು ಕೊಟ್ಟ.

ವ್ಯಾಪಾರಿ ಕಾಲನ್ನು ನೆಲಕ್ಕೆ ಊರಿ ನಿಂತ. ಇದೇ ಕಡ್ಡಿಯನ್ನು ಉಳಿದವರ ಕಾಲಿಗೂ ಹಿಡಿಯುವ ತನಕ ಇಲ್ಲಿಂದ ಕದಲುವುದಿಲ್ಲ ಎಂದ.

ಗೌಡ ನಕ್ಕ. "ಕಳ್ಳ ಸಿಕ್ಕ ಮೇಲೂ ಊರವರ ಕಾಲು ಅಳೆಯಬೇಕೇನೋ ಮಾರಾಯ?"

"ನೀವು ಅಳೆದದ್ದೇ ಒಂದು ಕಾಲು ಗೌಡರೇ. ಸಿಕ್ಕ ಕಳ್ಳನೂ ಅದಕ್ಕೇ ಒಬ್ಬ."

ಎಳೆಯಿರಿ ಇವನನ್ನು ಎಂದ ಗೌಡ. ಆಳುಗಳು ಎಳೆದರು, ಅವರ ಪಂಚೆ ಸಡಿಲವಾಯಿತೇ ಹೊರತು ಅವನು ಅಲುಗಲಿಲ್ಲ. ಎತ್ತು ಹೂಡಿದರು, ನೊಗ ಮುರಿಯಿತು. ಕೊನೆಗೆ ಆನೆ ತಂದು ಹಗ್ಗ ಬಿಗಿದರು. ಆನೆಯೇ ನಾಲ್ಕು ಮಾರು ಹಿಂದಕ್ಕೆ ಜಾರಿತು. ಸುಳ್ಳಲ್ಲ, ಆ ಆನೆಯ ಮಾವುತನೇ ನನಗೆ ಹೇಳಿದ್ದು.

ತಳವಾರನಿಗೆ ಬೇಸರ ಬಂತು. ಇವನ ಹಟವೂ ತೀರಲಿ ಎಂದು ಬಗ್ಗಿ, ಕೈಗೆಟುಕಿದ ಕಾಲಿನ ಮೆಟ್ಟಿಗೆ ಕಡ್ಡಿ ಹಿಡಿದ. ಅದು ಗೌಡನ ಕಾಲು. ಅಳತೆ ಸರಿಹೋಯಿತು. ಪೂಜಾರಿಯ ಕಾಲಿಗೆ ಹಿಡಿದ, ಸರಿಹೋಯಿತು. ಹೆದರಿಕೊಂಡೇ ತನ್ನ ಕಾಲಿಗೂ ಹಿಡಿದು ನೋಡಿದ. ಅಲ್ಲಿಗೆ ಒಬ್ಬೊಬ್ಬರೇ ಮೆಟ್ಟು ಕಳಚಿ ಬೆನ್ನ ಹಿಂದೆ ಅಡಗಿಸತೊಡಗಿದರು. ನೋಡುನೋಡುತ್ತಿದ್ದಂತೆ ಇಡೀ ಊರು ಬರಿಗಾಲಲ್ಲಿ ನಿಂತಿತು.

ಕಂಬಳಿಯವನು ಮಾತ್ರ ಮೆಟ್ಟು ಕಳಚಲಿಲ್ಲ. ಗೌಡನ ಮುಂದೆಯೇ ಚಟಚಟ ಸದ್ದು ಮಾಡುತ್ತ ಮನೆಗೆ ನಡೆದ.

ಚೆನ್ನಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ: "ಅದೆಲ್ಲ ಸರಿ ಗುರುಗಳೇ, ದೀಪ ಕಳವಾದದ್ದಂತೂ ನಿಜ ತಾನೇ. ಕೊನೆಗೆ ಯಾರ ಕಾಲು ಕಡಿದರು?"

ಗುರುಗಳು ಹೇಳಿದರು: "ಯಾರದಾದರೂ ಒಂದು ಬೇಕೇ ಬೇಕು ಅನ್ನುವುದಾದರೆ, ಎಲ್ಲಿ, ನಿನ್ನ ಕಾಲು ಚಾಚು."