ಎಡಗಿವಿಯ ಕಚ್ಚು

“ಅಕ್ಕನವರೇ, ಎಲ್ಲರಲ್ಲೂ ಇರುವ ಕಲೆಯನ್ನು ಒಬ್ಬಳ ಗಾಯ ಎಂದು ಹೇಗೆ ಒಪ್ಪುವುದು?”

ಹೀಗೆ ಕೇಳಿದವಳು ದಾನಮ್ಮ. ಮಠದ ಹಿರಿಯರಾದ ಅಕ್ಕನವರ ಶಿಷ್ಯೆ. ಮಠದ ಹೆಣ್ಣುಮಕ್ಕಳ ವಸತಿನಿಲಯವನ್ನು ನೋಡಿಕೊಳ್ಳುವವಳೂ ಅವಳೇ. ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದವರನ್ನು ಜಲ್ಲಿಯ ಮೇಲೆ ಮೊಣಕಾಲೂರಿಸಿ ಕೂರಿಸುವುದು ಅಲ್ಲಿಯ ಪದ್ಧತಿ. ಅದಕ್ಕೆಂದೇ ಅಂಗಳದ ಮೂಲೆಯಲ್ಲಿ ನಾಲ್ಕು ಬುಟ್ಟಿ ಜಲ್ಲಿ ಸುರಿದಿದ್ದರು. ಒಂದಲ್ಲ ಒಂದು ದಿನ ಪ್ರತಿ ಹುಡುಗಿಯ ಸರದಿಯೂ ಬರುತ್ತಿತ್ತು.

ಆ ದಿನ ಒಬ್ಬ ತಾಯಿ ಬಂದು ನಿಲಯದಲ್ಲಿದ್ದ ತನ್ನ ಹಿರಿಮಗಳ ಮೊಣಕಾಲಿನ ಕಲೆ ತೋರಿಸಿದ್ದಳು. ಇನ್ನೂ ಶಾಲೆಗೆ ಸೇರದ ಕಿರಿಮಗಳು ತಾಯಿಯ ಸೆರಗು ಹಿಡಿದುಕೊಂಡಿದ್ದಳು. ಬರಹದಲ್ಲಿ ಉತ್ತರ ಕೊಡುವವರೆಗೂ ಏಳುವುದಿಲ್ಲ ಎಂದು ತಾಯಿ ಮಠದ ಜಗುಲಿಯಲ್ಲಿ ಕೂತುಬಿಟ್ಟಿದ್ದಳು.

ದಾನಮ್ಮ ಉತ್ತರ ಬರೆದು ತಂದಿದ್ದಳು. ‘ನಿಲಯದ ಮೂವತ್ತು ಹುಡುಗಿಯರ ಮೊಣಕಾಲನ್ನೂ ನೋಡಿದೆವು. ನಿಮ್ಮ ಮಗಳ ಮೊಣಕಾಲಿನಲ್ಲಿ ಉಳಿದವರಿಗಿಂತ ಹೆಚ್ಚಿನದೇನೂ ಕಾಣಲಿಲ್ಲ.’ ಅದಕ್ಕೆ ಅಕ್ಕನವರ ರುಜು ಬೇಕಿತ್ತು.

“ನಾನು ಸುಳ್ಳು ಬರೆದಿಲ್ಲ. ಒಬ್ಬೊಬ್ಬಳನ್ನೂ ಕರೆದು ನೋಡಿದ್ದೇನೆ” ಎಂದಳು.

“ನೀನು ಸುಳ್ಳು ಬರೆಯುವವಳಲ್ಲ, ಗೊತ್ತು. ಕೂತುಕೋ.”

ಅಕ್ಕನವರು ಕಾಗದವನ್ನು ಮಡಚಿ ಮಂಡಿಯ ಕೆಳಗೆ ಇಟ್ಟುಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿಜ್ಞಾನಿಯಿದ್ದ. ಹೊಸ ಮದ್ದು ಕಂಡುಹಿಡಿಯುವುದು ಅವನ ಕೆಲಸ. ರೋಗ ವಾಸಿ ಮಾಡುವ ಮದ್ದಲ್ಲ, ರೋಗವನ್ನು ತೋರಿಸಿಕೊಡುವ ಮದ್ದು.

ಎಂಆರ್‌ಐ ಯಂತ್ರದ ಬಗ್ಗೆ ನೀನು ಕೇಳಿ ಬಲ್ಲೆ. ಅಯಸ್ಕಾಂತದ ಬಲದಿಂದ ಅದು ಮೈಯೊಳಗಿನ ಚಿತ್ರ ತೆಗೆಯುತ್ತದೆ. ಆದರೆ ಕೆಲವು ಗಡ್ಡೆಗಳು ಸಂತೆಯಲ್ಲಿ ಸೇರಿಕೊಂಡ ಕಳ್ಳನ ಹಾಗೆ. ಸುತ್ತಲಿನ ಮಾಂಸದೊಳಗೆ ಬೆರೆತು ಕಣ್ಣಿಗೆ ಬೀಳುವುದಿಲ್ಲ. ರಕ್ತನಾಳಕ್ಕೆ ಈ ಮದ್ದು ಬಿಟ್ಟರೆ ಅಂಥ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಮದ್ದಿನಲ್ಲಿರುವುದು ಒಂದು ಲೋಹ. ಬಿಡಿಯಾಗಿ ಅದು ವಿಷ. ಹಾಗಾಗಿ ಪಂಜರದಂಥ ಇನ್ನೊಂದು ವಸ್ತುವಿನಲ್ಲಿ ಅದನ್ನು ಕೂಡಿಹಾಕಿ ಮೈಯೊಳಗೆ ಕಳಿಸುತ್ತಾರೆ. ತೋರಿಸಬೇಕಾದ್ದನ್ನು ತೋರಿಸಿದ ಮೇಲೆ ಅದು ಪಂಜರದ ಸಮೇತ ಮೂತ್ರದಲ್ಲಿ ಹೊರಟುಹೋಗಬೇಕು. ಉಂಡ ನೆಂಟ ಚಾಪೆ ಕೇಳಬಾರದು.

ವಿಜ್ಞಾನಿ ಹೊಸದೊಂದು ಪಂಜರ ಕಟ್ಟಿದ. ಅವನ ಮದ್ದು ಬಿಟ್ಟರೆ ಸಾಸಿವೆಯಷ್ಟು ಗಡ್ಡೆಯೂ ಕಾಣುತ್ತಿತ್ತು. ಉಳಿದದ್ದು ಒಂದೇ ಪ್ರಶ್ನೆ. ಮದ್ದು ಪೂರ್ತಿಯಾಗಿ ಹೊರಗೆ ಹೋಗುತ್ತದೆಯೇ? ಹೋಗುತ್ತದೆ ಎಂದು ಇಲಿಗಳಲ್ಲಿ ತೋರಿಸಿದರೆ ಮನುಷ್ಯರಿಗೆ ಕೊಡಲು ಅಪ್ಪಣೆ ಸಿಗುತ್ತಿತ್ತು. ಮೊದಲು ಕೊಡಬೇಕಾದ ಇಪ್ಪತ್ತು ಜನರ ಪಟ್ಟಿ ಆಗಲೇ ಸಿದ್ಧವಾಗಿತ್ತು.

ಅವನ ಇಲಿಮನೆಯನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಹತ್ತನೆಯ ತರಗತಿ ಓದಿದ್ದಳು. ಮನೆಯಲ್ಲಿ ಹಾಲು ಬಿಡದ ಕೂಸೊಂದಿತ್ತು. ಇಲಿಗಳಿಗೆ ಕಾಳು ಹಾಕುವುದು, ಗೂಡಿನ ಹೊಟ್ಟು ಬದಲಿಸುವುದು, ಯಂತ್ರದ ಕೋಣೆಗೆ ಇಲಿ ಒಯ್ಯುವುದು ಆಕೆಯ ಕೆಲಸ. ಆಕೆ ಹಿಡಿದರೆ ಇಲಿ ಸುಮ್ಮನಿರುತ್ತಿತ್ತು. ಬೇರೆಯವರು ಹಿಡಿದರೆ ಕಚ್ಚುತ್ತಿತ್ತು. ಯಂತ್ರದ ಕೋಣೆಯೊಳಗೆ ಲೋಹ ಒಯ್ಯುವಂತಿಲ್ಲ. ಆದ್ದರಿಂದ ಆಕೆ ಪ್ರತಿ ಸಲವೂ ತಾಳಿ, ಓಲೆ, ಕಾಲುಂಗುರ ತೆಗೆದು ಹೊರಗಿನ ತಟ್ಟೆಯಲ್ಲಿ ಇಟ್ಟು ಒಳಗೆ ಹೋಗುತ್ತಿದ್ದಳು.

ಇನ್ನೊಂದು ಕೆಲಸವೂ ಆಕೆಯದೇ. ಯಾವ ಇಲಿಗೆ ಮದ್ದಿನ ಸೂಜಿ ಬಿತ್ತೋ ಅದರ ಎಡಗಿವಿಯ ಅಂಚಿಗೆ ಅಂದೇ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಬೇಕು. ಅದು ಆ ಇಲಿಮನೆಯ ಪದ್ಧತಿ. ಗೂಡಿನ ಮೇಲಿನ ಚೀಟಿ ಬದಲಾದೀತು, ಕಿವಿ ಬದಲಾಗುವುದಿಲ್ಲ.

ಪರೀಕ್ಷೆಗೆ ಹನ್ನೆರಡು ಇಲಿಗಳನ್ನು ಆರಿಸಿದರು. ಆರಕ್ಕೆ ಮದ್ದು, ಆರಕ್ಕೆ ಬರೀ ಉಪ್ಪುನೀರು. ಎರಡು ತಿಂಗಳು ಕಳೆದ ಮೇಲೆ ಎಲ್ಲದರ ಮಿದುಳಿನ ಚಿತ್ರ ತೆಗೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಮದ್ದು ಒಳಗೇ ಉಳಿದಿದ್ದರೆ ಮೊದಲ ಆರರಲ್ಲಿ ಬೆಳ್ಳಗೆ ಕಾಣುತ್ತದೆ. ಉಪ್ಪುನೀರಿನ ಆರರಲ್ಲಿ ಕಾಣುವುದಿಲ್ಲ.

ಆ ದಿನ ಬಂತು. ಹೆಂಗಸು ಒಂದೊಂದೇ ಇಲಿಯನ್ನು ತಂದು ಕೊಟ್ಟಳು. ವಿಜ್ಞಾನಿ ಅರಿವಳಿಕೆ ಕೊಟ್ಟು ಮಲಗಿಸಿ ಚಿತ್ರ ತೆಗೆದ. ಮದ್ದು ಬಿದ್ದ ಆರರ ಮಿದುಳಿನಲ್ಲೂ ಒಂದು ಬಿಳಿ ಚುಕ್ಕೆ ಇತ್ತು, ಅಕ್ಕಿಯ ನುಚ್ಚಿನಷ್ಟು. ಅವನ ಮುಖ ಇಳಿಯಿತು. ಆಮೇಲೆ ಉಪ್ಪುನೀರಿನ ಆರನ್ನು ಮಲಗಿಸಿದ. ಅವುಗಳಲ್ಲೂ ಅದೇ ಚುಕ್ಕೆ, ಅದೇ ಜಾಗದಲ್ಲಿ.

ವಿಜ್ಞಾನಿ ನಕ್ಕುಬಿಟ್ಟ. “ಇದು ಮದ್ದಲ್ಲ. ಇಲಿಯ ಮಿದುಳಿರುವುದೇ ಹೀಗೆ. ಎರಡು ಗುಂಪಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.”

ಉಪ್ಪುನೀರಿನ ಇಲಿಗಳು ಹೊಸವಲ್ಲವೆಂದು ಎರಡು ತಿಂಗಳಿಂದ ಹೆಂಗಸಿಗೆ ಗೊತ್ತಿತ್ತು. ಓದಿದವರು ಸುಮ್ಮನೆ ಮಾಡುತ್ತಾರೆಯೇ, ಏನೋ ಲೆಕ್ಕಾಚಾರ ಇದ್ದೀತು ಎಂದು ಬಾಯಿ ಮುಚ್ಚಿಕೊಂಡಿದ್ದಳು. ಯಾವ ಲೆಕ್ಕಾಚಾರವೂ ಇರಲಿಲ್ಲವೆಂದು ಈಗ ತಿಳಿಯಿತು.

“ಸರ್, ಉಪ್ಪುನೀರಿನ ಆರಕ್ಕೂ ಎಡಗಿವಿಯಲ್ಲಿ ಕಚ್ಚಿದೆ.”

“ಇದ್ದರೇನು?”

“ಹೋದ ವರ್ಷ ಅವುಗಳಿಗೂ ಇದೇ ಮದ್ದು ಬಿದ್ದಿದೆ. ಕಚ್ಚು ಹಾಕಿದವಳು ನಾನು.”

ವಿಜ್ಞಾನಿಗೆ ಅದು ಗೊತ್ತಿತ್ತು. ಹೊಸ ಇಲಿಗಳು ಬರುವುದು ತಡವಾದಾಗ ಹಳೆಯವಕ್ಕೇ ಹೊಸ ಚೀಟಿ ಬರೆದು ಅಂಟಿಸಿದವನು ಅವನೇ. ಮೋಸ ಮಾಡುವ ಮನಸ್ಸು ಅವನಿಗಿರಲಿಲ್ಲ. ತನ್ನ ಮದ್ದಿನ ಮೇಲೆ ಅಷ್ಟು ನಂಬಿಕೆಯಿತ್ತು.

“ಅದು ಹೋದ ವರ್ಷದ ಮಾತು. ಆ ಮದ್ದು ಎಂದೋ ಹೊರಗೆ ಹೋಗಿದೆ” ಎಂದ.

“ಹೋಗಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ಅಲ್ಲವೇ ಸರ್ ಇಷ್ಟೆಲ್ಲ ಮಾಡಿದ್ದು? ಮೊದಲೇ ಗೊತ್ತಿದ್ದರೆ ಈ ಯಂತ್ರಕ್ಕೆ ಕರೆಂಟು ಯಾಕೆ ದಂಡ?”

“ನೀನು ಕಾಳು ಹಾಕುವವಳು. ಕಾಳು ಹಾಕು.”

“ಹಾಕುತ್ತೇನೆ. ಹಾಕುವಾಗ ಕಿವಿ ಕಾಣುತ್ತದೆ.”

ಅವನು ಇಲಿಮನೆಯ ದಾಖಲೆ ಪುಸ್ತಕವನ್ನು ಆಕೆಯ ಮುಂದಕ್ಕೆ ನೂಕಿದ. ‘ಈ ಆರು ಇಲಿಗಳಿಗೆ ಹಿಂದೆ ಮದ್ದು ಕೊಟ್ಟಿಲ್ಲ’ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಇಲಿಗಳನ್ನು ನೋಡಿಕೊಳ್ಳುವವರ ಸಹಿ ಬೀಳಬೇಕು. ಅದಿಲ್ಲದೆ ವರದಿ ಮುಂದಕ್ಕೆ ಹೋಗುವುದಿಲ್ಲ.

ಆಕೆ ಓದಿ ಪುಸ್ತಕವನ್ನು ತಿರುಗಿ ನೂಕಿದಳು. “ನೋಡದೆ ಹೆಬ್ಬೆಟ್ಟು ಒತ್ತುವವರ ಕಾಲ ಮುಗಿಯಿತು ಸರ್. ನನಗೆ ಓದಲು ಬರುತ್ತದೆ.”

“ಸಹಿ ಹಾಕದಿದ್ದರೆ ನಾಳೆಯಿಂದ ಬರಬೇಡ.”

“ನಾಳೆಯದು ನಾಳೆ” ಎಂದು ಆಕೆ ಇಲಿಮನೆಗೆ ಹೋದಳು.

ಅಲ್ಲಿ ಮರಿ ಹಾಕಿಸಲೆಂದು ಇಟ್ಟುಕೊಂಡಿದ್ದ ಒಂದು ಮುದಿ ಹೆಣ್ಣಿಲಿ ಇತ್ತು. ಅದೇ ತಳಿಯದು. ಹುಟ್ಟಿದಾಗಿನಿಂದ ಒಂದು ಸೂಜಿಯನ್ನೂ ಕಂಡದ್ದಲ್ಲ. ಎಡಗಿವಿ, ಬಲಗಿವಿ ಎರಡೂ ದುಂಡಗಿದ್ದವು. ಆಕೆ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಬಂದು ಯಂತ್ರದ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

“ಇದನ್ನು ಮಲಗಿಸಿ.”

“ದಾರಿ ಬಿಡು. ಇದು ಪರೀಕ್ಷೆಯ ಪಟ್ಟಿಯಲ್ಲಿಲ್ಲ.”

“ಪಟ್ಟಿಯಲ್ಲಿ ಇರಬೇಕಾದದ್ದು ಇದೇ.”

ವಿಜ್ಞಾನಿ ಡಬ್ಬಿ ಕಿತ್ತುಕೊಳ್ಳಲು ಕೈ ಹಾಕಿದ. ಮುಚ್ಚಳ ಸರಿಯಿತು. ಮುದಿ ಇಲಿ ಅವನ ಬೆರಳನ್ನು ಕಚ್ಚಿತು. ಅವನು ಕರವಸ್ತ್ರ ಸುತ್ತಿಕೊಂಡು ಕೂತ. ಆಕೆ ಮುಚ್ಚಳ ಹಾಕಿ ಅಲ್ಲೇ ನಿಂತಳು. ಕೂಸಿಗೆ ಹಾಲೂಡುವ ಹೊತ್ತು ಮೀರಿತ್ತು. ಎದೆ ಬಿಗಿದು ನೋಯುತ್ತಿತ್ತು. ನಾಳೆ ಕೆಲಸವಿಲ್ಲದಿದ್ದರೆ ಮನೆ ಹೇಗೆ ನಡೆಯುತ್ತದೆ ಎಂಬ ಯೋಚನೆಯೂ ಬಂತು. ಕಾಲು ಮಾತ್ರ ಬಾಗಿಲು ಬಿಡಲಿಲ್ಲ.

ವಿಜ್ಞಾನಿ ದನಿ ತಗ್ಗಿಸಿದ. “ಈ ಮದ್ದು ಒಂದು ವರ್ಷ ತಡವಾದರೆ ಎಷ್ಟು ಜನರ ಗಡ್ಡೆ ಕಾಣದೆ ಉಳಿಯುತ್ತದೆ, ಗೊತ್ತೇ? ಉಳಿದಿದ್ದರೂ ಎಷ್ಟು ಉಳಿದೀತು? ಒಂದು ಚುಕ್ಕೆ. ಅದರಿಂದ ಕೇಡು ಆಗಿದೆ ಎಂದು ಯಾರೂ ಕಂಡಿಲ್ಲ.”

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

“ಕೇಡಿಲ್ಲದಿದ್ದರೆ ಒಂದು ಚುಕ್ಕೆ ಉಳಿಯುತ್ತದೆ ಎಂದೇ ಬರೆಯಿರಿ ಸರ್. ಬೇಕಾದವರು ಹಾಕಿಸಿಕೊಳ್ಳಲಿ. ಈ ಬಾಗಿಲು ದಾಟುವಾಗ ನನ್ನ ತಾಳಿಯ ಗುಂಡನ್ನೂ ತೆಗೆದಿಡಿಸುತ್ತೀರಿ. ಅವರ ತಲೆಯಲ್ಲಿ ಲೋಹ ಬಿಟ್ಟು ಬಂದರೆ ಅವರಿಗೆ ಹೇಳುವುದೂ ಬೇಡವೇ?”

ವಿಜ್ಞಾನಿ ಎದ್ದು ಡಬ್ಬಿಗಾಗಿ ಕೈ ನೀಡಿದ. ಆಕೆ ಡಬ್ಬಿ ಕೊಡಲಿಲ್ಲ. ಇಲಿಯನ್ನು ತಾನೇ ಅಂಗೈಯಲ್ಲಿ ಹಿಡಿದು, ಅವನು ಅರಿವಳಿಕೆ ಕೊಟ್ಟ ಮೇಲೆ ಮಲಗಿಸಿದಳು.

ಚಿತ್ರ ಬಂತು. ಚುಕ್ಕೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

“ಇಲಿಯ ಮಿದುಳಿರುವುದು ಹೀಗೆ, ಸರ್” ಎಂದಳು.

ವರದಿ ಮುಂದಕ್ಕೆ ಹೋಗಲಿಲ್ಲ. ಇಪ್ಪತ್ತು ಜನರ ಪಟ್ಟಿ ಪಟ್ಟಿಯಾಗಿಯೇ ಉಳಿಯಿತು. ಪಂಜರ ಸಡಿಲವಾಗಿ ಲೋಹ ಜಾರಿಕೊಳ್ಳುತ್ತಿತ್ತೆಂದು ಆಮೇಲೆ ಗೊತ್ತಾಯಿತು. ವಿಜ್ಞಾನಿ ಮತ್ತೆ ಮೊದಲಿನಿಂದ ಕಟ್ಟಲು ಕೂತ. ಪಟ್ಟಿಯಲ್ಲಿಲ್ಲದ ಇಲಿಯನ್ನು ಯಂತ್ರದ ಕೋಣೆಗೆ ತಂದಳೆಂದು ಮೇಲಿನವರು ಹೆಂಗಸನ್ನು ಅಂದೇ ಕೆಲಸದಿಂದ ತೆಗೆದರು. ಆಕೆ ತಟ್ಟೆಯಲ್ಲಿದ್ದ ತಾಳಿ, ಓಲೆ ಹಾಕಿಕೊಂಡು, ಕಾಲುಂಗುರ ತೊಟ್ಟು, ಯಾರ ಮುಖವನ್ನೂ ನೋಡಿ ಬೇಡದೆ ಮನೆಗೆ ನಡೆದಳು.

ಕತೆ ಮುಗಿಯಿತು. ದಾನಮ್ಮ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಆದರೂ ಬಿಟ್ಟುಕೊಡಲಿಲ್ಲ.

“ಆ ವಿಜ್ಞಾನಿ ಚೀಟಿ ಬದಲಿಸಿದ, ಅಕ್ಕನವರೇ. ನಾನು ಯಾರನ್ನೂ ಬದಲಿಸಿಲ್ಲ. ನಮ್ಮಲ್ಲಿರುವ ಮೂವತ್ತು ಹುಡುಗಿಯರನ್ನೇ ನೋಡಿದ್ದೇನೆ. ಮೂವತ್ತರ ಮೊಣಕಾಲೂ ಒಂದೇ ಥರ ಇದೆ.”

ಅಕ್ಕನವರು ಮಂಡಿಯ ಕೆಳಗಿನ ಕಾಗದ ತೆಗೆದರು. ಮಡಿಕೆ ಬಿಚ್ಚಿ ನೆಲದ ಮೇಲೆ ಹರಡಿದರು. ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಜಗುಲಿಯಲ್ಲಿ ತಾಯಿಯ ಸೆರಗು ಹಿಡಿದು ನಿಂತಿದ್ದಾಳಲ್ಲ ಕಿರಿಯವಳು, ಹೋಗಿ ಅವಳ ಮೊಣಕಾಲು ನೋಡಿ ಬಾ, ರುಜು ಹಾಕುತ್ತೇನೆ.”