ಹೊಂಗೆಯ ಕೆಳಗೆ ಬಿದ್ದ ಹೊತ್ತು

ಭೂಮಿ ಇನ್ನೂ ಹೊಸದಾಗಿದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರುವುದೆಂದು ಆಗ ತಾನೇ ತೀರ್ಮಾನ ಮಾಡಿಕೊಂಡಿದ್ದವು. ಪ್ರಾಣಿಗಳೆಲ್ಲ ಮಾತಾಡುತ್ತಿದ್ದವು. ಕೆಲವು ಬೇಕಾದ್ದಕ್ಕಿಂತ ಜಾಸ್ತಿಯೇ ಮಾತಾಡುತ್ತಿದ್ದವು. ನರಿ ಅಂಥದ್ದು.

ಕೋಳಿಗೂ ನರಿಗೂ ಆಗ ಒಂದು ಒಪ್ಪಂದ ಇತ್ತು. ಹೊತ್ತು ಇರುವ ತನಕ ನೆಲ ಕೋಳಿಯದು. ಹೊತ್ತು ಮುಳುಗಿದ ಮೇಲೆ ನೆಲ ನರಿಯದು. ಹೊತ್ತು ಅಂದರೆ ಇಲ್ಲಿ ಸೂರ್ಯ, ಮಗೂ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಅನ್ನುವುದಿಲ್ಲವೇ, ಹಾಗೆ. ಸಂಜೆಯಾಗುವ ಮೊದಲೇ ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಕಲ್ಲುಸಂದಿ ಸೇರಿಬಿಡುತ್ತಿತ್ತು.

ಒಂದು ದಿನ ಮಧ್ಯಾಹ್ನ ಕೋಳಿ ಹೊಂಗೆಮರದ ಕೆಳಗೆ ತರಗೆಲೆ ಕೆದಕುತ್ತಿತ್ತು. ಮರಿಗಳು ಚಿಂವ್ ಚಿಂವ್ ಎಂದು ಹಿಂದೆ ಮುಂದೆ ಓಡಾಡುತ್ತಿದ್ದವು. ಬಿಸಿಲು ಮಂಕಾಯಿತು. ಆಮೇಲೆ ಇನ್ನೂ ಮಂಕಾಯಿತು. ತನ್ನ ಪಾಡಿಗೆ ತಾನು ಹೋಗುತ್ತಿದ್ದ ಚಂದ್ರ ಸೂರ್ಯನಿಗೆ ಅಡ್ಡ ಬಂದಿದ್ದ. ಅದೇ ಮೊದಲನೆಯ ಗ್ರಹಣ. ಆದರೆ ಅದು ಗ್ರಹಣ ಅಂತ ಯಾರಿಗೂ ಗೊತ್ತಿರಲಿಲ್ಲ.

ಪೊದೆಯೊಳಗಿಂದ ನರಿ ಮೈ ಮುರಿಯುತ್ತ ಹೊರಗೆ ಬಂತು.

“ಕೋಳಿಯಕ್ಕಾ, ಕತ್ತಲಾಯ್ತಲ್ಲ. ಇನ್ನು ನೆಲ ನಂದು. ಮರಿಗಳನ್ನ ಇಲ್ಲೇ ಬಿಟ್ಟು ನಡಿ.”

ಕೋಳಿ ಹಿಂದೆ ತಿರುಗಿ ನೋಡಿತು. ಕಲ್ಲುಸಂದಿ ದೂರ ಇತ್ತು. ಓಡಿದರೆ ತಾನು ಮುಟ್ಟಬಹುದು, ಮರಿಗಳು ಮುಟ್ಟಲಾರವು. ಅದು ರೆಕ್ಕೆ ಬಿಚ್ಚಿ ಮರಿಗಳನ್ನೆಲ್ಲ ಒಳಗೆ ಎಳೆದುಕೊಂಡು ಅಲ್ಲೇ ಕೂತಿತು.

“ಕತ್ತಲಾದ್ರೆ ಅಂತ ನಾವು ಮಾತಾಡಿರ್ಲಿಲ್ಲ ನರಿಯಣ್ಣ. ಹೊತ್ತು ಮುಳುಗಿದ್ರೆ ಅಂತ ಮಾತಾಡಿದ್ದು. ಹೊತ್ತು ಮುಳುಗಿಲ್ಲ.”

“ಹಂಗಾದ್ರೆ ತೋರ್ಸು, ಎಲ್ಲಿದೆ?”

ಕೊಂಬೆಯ ಮೇಲಿದ್ದ ಗೂಬೆ ಕತ್ತು ತಿರುಗಿಸಿತು. ತನ್ನಷ್ಟು ದೊಡ್ಡ ಕಣ್ಣು ಯಾರಿಗೂ ಇಲ್ಲ ಅಂತ ಅದಕ್ಕೆ ಬಹಳ ಜಂಬ. “ನಾನು ನೋಡಿ ಹೇಳ್ತೀನಿ, ಇರಿ” ಅಂದು ರೆಪ್ಪೆ ಬಡಿಯದೆ ಮೇಲೆ ನೋಡಿತು.

“ಅಯ್ಯೋ, ನನ್ನ ಕಣ್ಣು! ಏನೂ ಕಾಣ್ತಿಲ್ಲ!”

ಆವತ್ತು ಮುಚ್ಚಿಕೊಂಡ ಕಣ್ಣನ್ನು ಗೂಬೆ ಇವತ್ತಿಗೂ ಹಗಲಲ್ಲಿ ಪೂರ್ತಿ ತೆರೆಯಲು ಹೆದರುತ್ತದೆ.

“ಕೇಳಿದ್ಯಾ? ಗೂಬಣ್ಣನಿಗೇ ಏನೂ ಕಾಣ್ಲಿಲ್ಲ” ಅಂದ ನರಿ ಇನ್ನೊಂದು ಹೆಜ್ಜೆ ಹತ್ತಿರ ಬಂತು.

ಕೋಳಿ ಅಳುವ ದನಿಯಲ್ಲಿ ಮರವನ್ನು ಕೇಳಿತು. “ಹೊಂಗೆಮ್ಮಾ, ನೀನಾದ್ರೂ ಹೇಳೇ. ದಿನವೆಲ್ಲ ಹೊತ್ತಿಗೆ ಮುಖ ಕೊಟ್ಟು ನಿಂತಿರ್ತೀಯ.”

“ನಾನು ಹೇಳಿದ್ರೆ ಅವನು ನಂಬ್ತಾನೇನೇ ತಾಯಿ? ನನ್ನ ಎಲೆ ಸಂದಿಯಿಂದ ಏನು ಬೀಳ್ತಿದೆ, ಅದನ್ನ ನೋಡು. ಏಯ್ ಗಾಳಿ, ಒಂದು ಗಳಿಗೆ ಸುಮ್ಮನಿರೋ!”

ಗಾಳಿ ಸುಮ್ಮನಾಯಿತು. ಎಲೆಗಳು ಅಲ್ಲಾಡಲಿಲ್ಲ.

ಕೋಳಿ ನೆಲ ನೋಡಿತು. ನೆಲ ನೋಡುವುದು ಅದಕ್ಕೆ ಚೆನ್ನಾಗಿ ಬರುತ್ತಿತ್ತು. ದಿನವೂ ಅಲ್ಲಿ ದುಂಡದುಂಡಗೆ ಬೀಳುತ್ತಿದ್ದ ಬಿಸಿಲಿನ ಚುಕ್ಕೆಗಳು ಇವತ್ತು ದುಂಡಗಿರಲಿಲ್ಲ. ಒಂದೊಂದೂ ಕತ್ತರಿಸಿದ ಉಗುರಿನ ಹಾಗೆ ಸಣ್ಣಗೆ ಬಾಗಿತ್ತು. ತರಗೆಲೆಯ ಮೇಲೆ, ಕಲ್ಲಿನ ಮೇಲೆ, ಎಲ್ಲೆಲ್ಲೂ ಅವೇ, ಚಂದ್ರ ಮುಚ್ಚದೆ ಬಿಟ್ಟ ಹೊತ್ತಿನ ಆಕಾರದಲ್ಲಿ.

“ನರಿಯಣ್ಣ, ಹೊತ್ತು ಇಲ್ಲಿದೆ ನೋಡು. ನಿನ್ನ ಕಾಲ ಮೇಲೇ ಬಿದ್ದಿದೆ!”

ನರಿ ತಲೆ ಬಗ್ಗಿಸಿತು. ಕಾಲು ಕೊಡವಿತು. ಆ ಬಿಸಿಲಿನ ಚೂರು ಹೋಗಲಿಲ್ಲ. ಕಾಲು ಹಿಂದಕ್ಕೆ ತೆಗೆದರೆ ಅದು ಮೂಗಿನ ಮೇಲೆ ಬಿತ್ತು.

“ಇದು ಬರೀ ಚೂರು” ಅಂದಿತು ನರಿ.

“ಚೂರಾದ್ರೂ ಹೊತ್ತೇ. ಮುಳುಗಿದ್ರೆ ನಿನ್ನ ಮೂಗಿನ ಮೇಲೆ ಹೆಂಗೆ ಬೀಳ್ತಿತ್ತು?”

ನರಿ ಮುಂಗಾಲಿನಿಂದ ಮೂಗು ಉಜ್ಜಿಕೊಂಡಿತು. ಅದು ಉಜ್ಜುತ್ತಿರುವಾಗಲೇ ಚಂದ್ರ ಸರಿದು ಚೂರುಗಳು ಒಂದಿಷ್ಟು ದಪ್ಪಗಾದವು, ಇನ್ನಷ್ಟು ದಪ್ಪಗಾದವು. “ಸಂಜೆಗೆ ಬರ್ತೀನಿ” ಎಂದು ಗೊಣಗಿಕೊಂಡು ಅದು ಪೊದೆಗೆ ನುಗ್ಗಿತು.

“ಬಾರಪ್ಪ, ಬೇಡ ಅಂದವರ್ಯಾರು” ಅಂದಿತು ಕೋಳಿ. ಬಾಯಲ್ಲಿ ಹಾಗಂದರೂ ಚೂರುಗಳು ಮತ್ತೆ ದುಂಡಗಾಗುವ ತನಕ ಅದು ರೆಕ್ಕೆ ಎತ್ತಲಿಲ್ಲ. ರೆಕ್ಕೆಯೊಳಗಿಂದ ಮರಿಗಳು ಒಂದೊಂದಾಗಿ ತಲೆ ಹೊರಗೆ ಹಾಕಿದವು.

“ಇನ್ನೊಂದು ಸಲ ಹಿಂಗಾದ್ರೆ ಏನು ಮಾಡ್ಲಿ ಹೊಂಗೆಮ್ಮಾ?”

“ನಾನಿಲ್ವೇನೇ? ಬೇವಿಗೂ ಹುಣಸೆಗೂ ಹೇಳಿಡ್ತೀನಿ. ನಾವ್ಯಾರೂ ಎಲೆ ಸಂದಿ ಮುಚ್ಚಲ್ಲ.”

ಮರಗಳು ಆ ಮಾತಿಗೆ ಇವತ್ತಿನವರೆಗೂ ತಪ್ಪಿಲ್ಲ. ಅದಕ್ಕೇ ಮಗೂ, ಗ್ರಹಣ ಹಿಡಿದಾಗ ಬರಿಗಣ್ಣಲ್ಲಿ ಮೇಲೆ ನೋಡಬೇಡ, ಮರದ ಕೆಳಗೆ ಹೋಗಿ ಅಂಗೈ ಚಾಚು. ಕೋಳಿಯ ಮರಿಗಳನ್ನು ಉಳಿಸಿದ ಹೊತ್ತಿನ ಚೂರು ನಿನ್ನ ಕೈಗೂ ಬಂದು ಬೀಳುತ್ತದೆ.