ಯಾವಾಗಲೂ ಇದರಲ್ಲೇ ತೆರೆ

"ಗುರುಗಳೇ, ನಾನು ತಿಳಿದದ್ದು ತಪ್ಪೆಂದು ಗೊತ್ತಾಗಿದೆ. ಆದರೂ ಅವನ ಪಕ್ಕ ಕೂತರೆ ತುತ್ತು ಇಳಿಯುವುದಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣದಲ್ಲಿ ಅಕ್ಕಿ ಕಡಿಮೆಯಾದಾಗ ಅವನು ತನ್ನ ಜೊತೆಯವನನ್ನು ಅನುಮಾನಿಸಿದ್ದ. ಆಮೇಲೆ ಗೋಡೆಯ ಮೂಲೆಯಲ್ಲಿ ಇಲಿಯ ಬಿಲ ಸಿಕ್ಕಿತ್ತು.

ಗುರು ಮಠ ಸೇರುವ ಮೊದಲು ಪೇಟೆಯಲ್ಲಿ ಬಹುಕಾಲ ವ್ಯಾಪಾರ ಮಾಡಿದ್ದವರು. ಮಾತನ್ನು ತೂಗಿ ಕೊಡುವುದು ಅವರ ಅಭ್ಯಾಸ. "ಕೂತುಕೋ. ಒಬ್ಬ ಊದುಬತ್ತಿ ವ್ಯಾಪಾರಿಯ ಸಂಗತಿ ಹೇಳುತ್ತೇನೆ," ಎಂದರು. ಅವರು ಹೇಳಿದ್ದು ಇದು.

ಒಂದು ಊರಿನಲ್ಲಿ ಒಬ್ಬ ಊದುಬತ್ತಿ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಅವನ ಬಂಡವಾಳ ಅವನ ಮೂಗು. ಗಂಧದ ಪುಡಿಗೆ ಎಷ್ಟು ಸಾಂಬ್ರಾಣಿ ಸೇರಬೇಕು, ಕೇದಗೆಯ ಎಣ್ಣೆ ಎಷ್ಟು ಹನಿ ಬೀಳಬೇಕು ಎಂಬುದನ್ನು ಮೂಸಿಯೇ ಹೇಳುತ್ತಿದ್ದ. ಅವನ ಬತ್ತಿಯ ವಾಸನೆ ಬೇರೆ ಯಾರ ಬತ್ತಿಗೂ ಇರಲಿಲ್ಲ.

ವಯಸ್ಸಾದಂತೆ ಮೂಗು ಮಂದವಾಗತೊಡಗಿತು. ಬಂಡವಾಳ ಕರಗುವುದನ್ನು ಕಂಡೂ ಸುಮ್ಮನಿರುವವನು ವ್ಯಾಪಾರಿಯಲ್ಲ. ಅವನು ಹಳೆಯದೊಂದು ಕಂಪ್ಯೂಟರು ಕೊಂಡು ತಂದ. ಮೂಗು ಪೂರ್ತಿ ಹೋಗುವ ಮೊದಲು ಪ್ರತಿಯೊಂದು ಹದವನ್ನೂ ಅದರಲ್ಲಿ ಬರೆಸಿಡಬೇಕೆಂದು ತೀರ್ಮಾನಿಸಿದ.

ಬರೆಯಲು ಕೈ ಬೇಕಲ್ಲ. ಅವನಿಗೆ ಒಬ್ಬ ಗೆಳೆಯನಿದ್ದ, ನಂಜುಂಡಯ್ಯ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತನಾದವನು. ದಿನವೂ ಸಂಜೆ ಅಂಗಡಿಗೆ ಬರುತ್ತಿದ್ದ. ವ್ಯಾಪಾರಿ ಕಣ್ಣು ಮುಚ್ಚಿ ಪುಡಿಯನ್ನು ಮೂಸಿ ಹೇಳುವನು, ಗೆಳೆಯ ಟೈಪು ಮಾಡುವನು. ಒಂದೊಂದು ಹದಕ್ಕೆ ಒಂದೊಂದು ಫೈಲು. ಕೆಲಸ ಒಂದು ತಿಂಗಳಿನದು. ಇಬ್ಬರೂ ಅದನ್ನು ವರ್ಷಗಟ್ಟಲೆ ಎಳೆದರು.

"ಶೆಟ್ಟರೇ, ಮೂಗು ನಿಮ್ಮದು, ಬೆರಳು ನಂದು. ಎರಡೂ ಸೇರಿಸಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ ನೋಡಿ," ಎನ್ನುತ್ತಿದ್ದ ಗೆಳೆಯ.

"ಹೊಟ್ಟೆ ಯಾರದು ಅಯ್ಯನವರೇ?"

"ಅದೂ ನಿಮ್ಮದೇ ಇರಲಿ. ನಂದು ಬೆನ್ನಿಗೆ ಅಂಟಿಕೊಂಡು ಎಷ್ಟೋ ಕಾಲ ಆಯ್ತು."

ವ್ಯಾಪಾರಿ ನಗುತ್ತಿದ್ದ. ದಿನಕ್ಕೆ ಅವನು ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಈ ವ್ಯಾಪಾರಿಗೆ ಒಂದು ಪದ್ಧತಿಯಿತ್ತು. ಒಮ್ಮೆ ಹೇಳಿದ್ದನ್ನು ಯಾರೂ ಅವನನ್ನು ಮತ್ತೆ ಕೇಳಬಾರದು. ಗಂಧದ ಪುಡಿಯವನಿಗೆ ಒಮ್ಮೆ ಹೇಳಿದ, ಅದೇ ಪುಡಿ ತಿಂಗಳು ತಿಂಗಳೂ ಬರಬೇಕು. ಲಾರಿ ಆಫೀಸಿನವರಿಗೆ ಒಮ್ಮೆ ಹೇಳಿದ, ಮೂಟೆಗಳು ಅದೇ ದಾರಿಯಲ್ಲಿ ಹೋಗಬೇಕು. ಹೋಟೆಲಿನವನಿಗೆ ಒಮ್ಮೆ ಹೇಳಿದ, ಕಾಫಿಗೆ ಸಕ್ಕರೆ ಕಡಿಮೆ. ಆಮೇಲೆ ಯಾರಾದರೂ "ಈ ಸಲವೂ ಹಾಗೇನಾ ಶೆಟ್ಟರೇ?" ಎಂದರೆ ಸಿಡುಕುತ್ತಿದ್ದ. ಎರಡನೆಯ ಸಲ ಯೋಚಿಸುವುದೆಂದರೆ ಹೊತ್ತು ಪೋಲು ಮಾಡಿದಂತೆ ಎಂಬುದು ಅವನ ಲೆಕ್ಕ. ಆ ಲೆಕ್ಕದಿಂದ ಅವನಿಗೆ ಲಾಭವೂ ಆಗಿತ್ತು, ಅದನ್ನು ಇಲ್ಲವೆನ್ನಲಾಗದು.

ಒಂದು ಬೆಳಿಗ್ಗೆ ಅಚ್ಚಿನ ಮನೆಯಿಂದ ಹೊಸ ಪೊಟ್ಟಣದ ಚಿತ್ರ ಸಿ.ಡಿ.ಯಲ್ಲಿ ಬಂತು. ಅಲ್ಲಿ ಯಾರೋ ಅವಸರದಲ್ಲಿ ಫೈಲಿನ ಹೆಸರಿನ ಕೊನೆಗೆ ಚಿತ್ರದ ಗುರುತಿನ ಬದಲು ಹದಗಳ ಫೈಲುಗಳಿಗಿದ್ದಂಥ ಬರಹದ ಗುರುತು ಹಾಕಿಬಿಟ್ಟಿದ್ದರು. ಕಂಪ್ಯೂಟರು ಅದನ್ನು ಬರಹವೆಂದೇ ನಂಬಿ ಬರೆಯುವ ಪ್ರೋಗ್ರಾಮಿನಲ್ಲಿ ತೆರೆಯಿತು. ಪರದೆಯ ತುಂಬ ಅರ್ಥವಿಲ್ಲದ ಗೀಚು. ವ್ಯಾಪಾರಿ ದಡ್ಡನೇನಲ್ಲ. ಬೇರೆ ಪ್ರೋಗ್ರಾಮಿನಲ್ಲಿ ತೆರೆಯುವ ದಾರಿ ಹುಡುಕಿದ. ಚಿತ್ರ ನೋಡುವ ಪ್ರೋಗ್ರಾಮನ್ನು ಆರಿಸಿದ. ಆಗ ಕಂಪ್ಯೂಟರು ಕೆಳಗೊಂದು ಸಣ್ಣ ಚೌಕ ತೋರಿಸಿತು. ಈ ಬಗೆಯ ಫೈಲುಗಳನ್ನೆಲ್ಲ ಯಾವಾಗಲೂ ಇದರಲ್ಲೇ ತೆರೆಯಬೇಕೇ ಎಂದು ಅದರ ಪಕ್ಕದಲ್ಲಿ ಬರೆದಿತ್ತು.

ಮತ್ತೆ ಮತ್ತೆ ಕೇಳದಿರಲಿ ಎಂದು ಅವನು ಚೌಕದಲ್ಲಿ ಸರಿ ಗುರುತು ಹಾಕಿದ. ಪೊಟ್ಟಣದ ಚಿತ್ರ ಚೆನ್ನಾಗಿ ತೆರೆಯಿತು. ಬಣ್ಣ ಒಪ್ಪಿಗೆಯಾಯಿತು. ಆ ಗುರುತನ್ನು ಅವನು ಅಲ್ಲಿಗೇ ಮರೆತ.

ಮಧ್ಯಾಹ್ನ ಬತ್ತಿಯ ಹಿಟ್ಟು ಕಲಸಲು ಹದ ಬೇಕಾಯಿತು. ಫೈಲನ್ನು ಒತ್ತಿದ. ಚಿತ್ರದ ಪ್ರೋಗ್ರಾಮು ತೆರೆದುಕೊಂಡಿತು. ಒಳಗೆ ಏನೂ ಇಲ್ಲ. ಈ ಫೈಲನ್ನು ತೋರಿಸಲಾಗದು, ಇದು ಕೆಟ್ಟಿರಬಹುದು ಎಂಬ ಒಂದು ಸಾಲು ಮಾತ್ರ. ಇನ್ನೊಂದನ್ನು ಒತ್ತಿದ. ಅದೇ ಸಾಲು. ಮತ್ತೊಂದು. ಅದೇ. ಎಲ್ಲ ಫೈಲುಗಳ ಮುಖವೂ ಬದಲಾಗಿತ್ತು. ಪುಟ್ಟ ಹಾಳೆಯಂತಿದ್ದ ಗುರುತಿನ ಜಾಗದಲ್ಲಿ ಚಿತ್ರದ ಗುರುತು ಕೂತಿತ್ತು.

ಮೂಗು ಆಗಲೇ ಮುಕ್ಕಾಲು ಹೋಗಿತ್ತು. ಈಗ ಹದವೂ ಹೋಯಿತು ಎಂದುಕೊಂಡ.

ಆಮೇಲೆ ಲೆಕ್ಕ ಹಾಕಿದ. ಈ ಯಂತ್ರವನ್ನು ಮುಟ್ಟುವವರು ಇಬ್ಬರು. ನನ್ನ ಸೊತ್ತನ್ನು ನಾನು ಕೆಡಿಸಿಕೊಳ್ಳುವುದಿಲ್ಲ. ಉಳಿದವನು ಒಬ್ಬ. ಅಷ್ಟು ಹೊತ್ತಿಗೆ ಇನ್ನೊಂದು ನೆನಪಾಯಿತು. ಹಿಂದಿನ ದಿನ ನಂಜುಂಡಯ್ಯ ಎದುರು ಬೀದಿಯ ಇನ್ನೊಬ್ಬ ಊದುಬತ್ತಿ ವ್ಯಾಪಾರಿಯ ಅಂಗಡಿಯಿಂದ ಇಳಿದು ಬರುತ್ತಿದ್ದ. ಬಾಡಿಗೆ ಕರಾರು, ಅರ್ಜಿ ಟೈಪು ಮಾಡಿಸಲು ಊರವರೆಲ್ಲ ಅವನನ್ನು ಕರೆಯುತ್ತಿದ್ದರು. ಅದು ವ್ಯಾಪಾರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದು ಆ ಹೊತ್ತಿಗೆ ನೆರವಿಗೆ ಬರಲಿಲ್ಲ.

ಸಂಜೆ ಗೆಳೆಯ ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತ. ಕನ್ನಡಕ ಒರೆಸಿಕೊಂಡು ಹಾಕಿಕೊಂಡ.

"ಎಷ್ಟಕ್ಕೆ ಮಾರಿದಿರಿ?" ಎಂದ ವ್ಯಾಪಾರಿ.

"ಏನನ್ನ ಶೆಟ್ಟರೇ? ನನ್ನ ಮನೇಲಿ ಮಾರೋಕೆ ಉಳಿದಿರೋದು ಈ ಕನ್ನಡಕ ಒಂದೇ. ನೀವೇ ತಗೊಳ್ಳಿ, ಕಡಿಮೆಗೆ ಕೊಡ್ತೀನಿ."

"ನನ್ನ ಮೂಗನ್ನ."

ಗೆಳೆಯ ವ್ಯಾಪಾರಿಯ ಮುಖ ನೋಡಿದ. ಇದು ತಮಾಷೆಯಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟ. ಡಬ್ಬಿ ಜೇಬಿಗೆ ಹಾಕಿಕೊಂಡ. ಅಂಗಡಿಯ ಮೆಟ್ಟಿಲಿಳಿದು ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಳ್ಳ ಬರುವುದಿಲ್ಲವಲ್ಲ, ಸಿಕ್ಕಿಬಿದ್ದಿದ್ದಾನೆ ಎಂದುಕೊಂಡ ವ್ಯಾಪಾರಿ. ಖಾಲಿ ಕುರ್ಚಿ ಜಾಗ ತಿನ್ನುತ್ತದೆಂದು ಅದರ ಮೇಲೆ ಖಾಲಿ ಪೊಟ್ಟಣಗಳ ಕಟ್ಟು ಏರಿಸಿದ.

ಕಂಪ್ಯೂಟರನ್ನು ರಿಪೇರಿಗೆ ಒಯ್ದ. ಅಲ್ಲಿಯವನು ಯಂತ್ರ ಬಿಟ್ಟು ಹೋಗಿ ಎಂದ. ಹದಗಳಿರುವ ಯಂತ್ರವನ್ನು ಬೇರೆಯವರ ಕೈಗೆ ಕೊಡುವುದೆಂತು? ವಾಪಸು ತಂದ. ನೆನಪಿನಿಂದ ಹಿಟ್ಟು ಕಲಸಿದ. ಗಿರಾಕಿಗಳು ಹಚ್ಚಿ ನೋಡಿ, "ಶೆಟ್ಟರೇ, ಈ ಸಲ ಬರೀ ಹೊಗೆ," ಎಂದರು. ಸಂಜೆಗಳು ಉದ್ದವಾದವು. ಬೇಗ ಬಾಗಿಲು ಹಾಕಿದರೂ ಮೇಲೆ ಹೋಗಿ ಮಾಡುವ ಕೆಲಸವಿರಲಿಲ್ಲ. ಬಾಗಿಲು ತೆರೆದಿಟ್ಟರೂ ಬರುವವರಿರಲಿಲ್ಲ. ಒಬ್ಬನೇ ಅಡುಗೆ ಮಾಡಿ ಒಬ್ಬನೇ ಉಂಡ. ಉಪ್ಪು ಹೆಚ್ಚಾದರೂ ಹೆಚ್ಚಾಯಿತೆಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ.

ನಡುವೆ ಒಮ್ಮೆ ಜ್ವರ ಬಂದು ಮಲಗಿದ. ಹೂ ಮಾರುವ ಹೆಂಗಸು ಬಾಗಿಲಲ್ಲಿ ನಿಂತು, "ಟೈಪಿನ ಅಯ್ಯನವರು ನಿಮ್ಮ ಜ್ವರ ಇಳೀತಾ ಅಂತ ಕೇಳ್ಕೊಂಡು ಬಾ ಅಂದ್ರು," ಎಂದಳು. ಅಂಗಡಿ ಮುಚ್ಚುತ್ತದೋ ಇಲ್ಲವೋ ಎಂದು ತಿಳಿಯಲು ಕಳಿಸಿದ್ದಾನೆ ಎಂದುಕೊಂಡು ವ್ಯಾಪಾರಿ ಗೋಡೆಯ ಕಡೆ ತಿರುಗಿ ಮಲಗಿದ. ಇನ್ನೊಮ್ಮೆ ಕ್ಷೌರದ ಅಂಗಡಿಯಲ್ಲಿ ಇಬ್ಬರೂ ಎದುರಾದರು. ಗೆಳೆಯ ಎದ್ದು ತನ್ನ ಸರದಿಯನ್ನು ಬಿಟ್ಟುಕೊಟ್ಟ. ಪಕ್ಕದಲ್ಲಿ ಕೂರಲು ಹೆದರುತ್ತಾನೆ ಎಂದು ವ್ಯಾಪಾರಿ ಅರ್ಥ ಮಾಡಿಕೊಂಡ.

ಕೊನೆಗೆ ವ್ಯಾಪಾರ ನಿಲ್ಲುವ ಹಂತಕ್ಕೆ ಬಂತು. ಇನ್ನು ತಾನೇ ಬರೆದಿಡಬೇಕೆಂದು ವ್ಯಾಪಾರಿ ಕಂಪ್ಯೂಟರಿನ ಮುಂದೆ ಕೂತ. ಬರೆಯುವ ಪ್ರೋಗ್ರಾಮನ್ನು ತೆರೆದು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ, ನೆನಪಿದ್ದ ಒಂದು ಹದವನ್ನು ಬರೆದ. ಹೊಸ ಹೆಸರು ಕೊಟ್ಟು ಉಳಿಸಿದ. ಮರುದಿನ ಬೆಳಿಗ್ಗೆ ಅದನ್ನು ಒತ್ತಿದ.

ಚಿತ್ರದ ಪ್ರೋಗ್ರಾಮು ತೆರೆಯಿತು. ಈ ಫೈಲನ್ನು ತೋರಿಸಲಾಗದು, ಇದು ಕೆಟ್ಟಿರಬಹುದು.

ವ್ಯಾಪಾರಿಯ ಕೈ ಅಲ್ಲೇ ನಿಂತಿತು. ಇದು ನಿನ್ನೆ ನಾನೇ ಬರೆದದ್ದು. ಬಾಗಿಲಿಗೆ ನಾನೇ ಬೀಗ ಹಾಕಿದ್ದೆ. ಯಾರೂ ಒಳಗೆ ಬಂದಿಲ್ಲ. ಹಾಗಾದರೆ ಇದು ಕೆಟ್ಟದ್ದು ಹೇಗೆ?

ಅವನು ಫೈಲನ್ನು ಬಿಟ್ಟು ಮೊದಲು ಬರೆಯುವ ಪ್ರೋಗ್ರಾಮನ್ನು ತೆರೆದ. ಅದರ ಒಳಗಿನಿಂದ ಫೈಲನ್ನು ಕರೆದ. ನಿನ್ನೆ ಬರೆದದ್ದು ಹಾಗೇ ಇತ್ತು. ಹಳೆಯ ಫೈಲೊಂದನ್ನು ಕರೆದ. ಅದೂ ಇತ್ತು. ಮತ್ತೊಂದನ್ನು ಕರೆದ. ಕೇದಗೆ, ಗಂಧ, ಸಾಂಬ್ರಾಣಿ, ಹನಿಹನಿಯೂ ಇತ್ತು. ಒಂದು ಹದದ ಕೊನೆಯಲ್ಲಿ ನಂಜುಂಡಯ್ಯ ತನ್ನದೊಂದು ಮಾತು ಸೇರಿಸಿದ್ದ: ಇದನ್ನು ಹೇಳುವಾಗ ಶೆಟ್ಟರು ಮೂರು ಸಲ ಸೀನಿದರು.

ವ್ಯಾಪಾರಿ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದ. ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ಕೇಳಿತು. ಬರೆಯುವ ಪ್ರೋಗ್ರಾಮನ್ನು ತೋರಿಸಿದ. ಕೆಳಗೆ ಮತ್ತೆ ಆ ಸಣ್ಣ ಚೌಕ ಬಂತು. ಯಾವಾಗಲೂ ಇದರಲ್ಲೇ ತೆರೆಯಬೇಕೇ? ಆಗ ಅವನಿಗೆ ಪೊಟ್ಟಣದ ಚಿತ್ರ ನೆನಪಾಯಿತು. ಗುರುತು ಹಾಕಿದವನು ಯಾರೆಂಬುದೂ ನೆನಪಾಯಿತು.

ಗುರುತು ಹಾಕಿದ. ಫೈಲುಗಳ ಮುಖಗಳೆಲ್ಲ ಮತ್ತೆ ಪುಟ್ಟ ಹಾಳೆಗಳಾದವು. ಒಂದೂ ಕೆಟ್ಟಿರಲಿಲ್ಲ. ಒಂದು ದಿನವೂ ಕೆಟ್ಟಿರಲಿಲ್ಲ.

ಸಂಜೆ ಒಳ್ಳೆಯ ಬತ್ತಿಯ ಒಂದು ಕಟ್ಟು ಹಿಡಿದು ಗೆಳೆಯನ ಮನೆಗೆ ಹೋದ. ಗೆಳೆಯ ಬಾಗಿಲು ತೆರೆದು, "ಬನ್ನಿ ಶೆಟ್ಟರೇ," ಎಂದ. ಚಾಪೆ ಹಾಸಿದ. ಕಾಫಿ ಮಾಡಿ ತಂದ. ಸಕ್ಕರೆ ಕಡಿಮೆ ಇತ್ತು.

"ಹದಗಳು ಸಿಕ್ಕವು. ಯಾರೂ ಏನೂ ಮಾಡಿರಲಿಲ್ಲ. ತಪ್ಪು ನನ್ನದೇ," ಎಂದ ವ್ಯಾಪಾರಿ.

"ಸಿಕ್ಕಿದ್ದು ಒಳ್ಳೇದಾಯ್ತು ಬಿಡಿ," ಎಂದು ಗೆಳೆಯ ನಕ್ಕ. "ನಾಳೆ ಸಂಜೆ ಬರ್ತೀನಿ. ಹದ ಹೇಳೋದು ಇನ್ನೂ ಬಾಕಿ ಇತ್ತಲ್ಲ?"

ವ್ಯಾಪಾರಿ ಆಗಲಿ ಎಂದ. ದಾರಿಯುದ್ದಕ್ಕೂ ಆ ನಗು ಅವನ ಜೊತೆಗೇ ಬಂತು. ಅಷ್ಟು ಸುಲಭವಾಗಿ ಯಾಕೆ ಒಪ್ಪಿದ? ಕರೆಯದೆಯೇ ಬರುತ್ತೇನೆಂದ, ಯಾಕೆ? ಬಾಕಿ ಇರುವ ಹದ ಅವನಿಗೆ ಯಾಕೆ ಬೇಕು? ಹೀಗೆ ಯೋಚಿಸಬಾರದು ಎಂದು ತನ್ನನ್ನು ಗದರಿಸಿಕೊಂಡ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಅದನ್ನೇ ಯೋಚಿಸುತ್ತಿದ್ದ.

ಮರುದಿನ ಸಂಜೆ ಕುರ್ಚಿಯ ಮೇಲಿನ ಕಟ್ಟುಗಳನ್ನು ಇಳಿಸಿದ. ಧೂಳು ಒರೆಸಿದ. ಹೋಟೆಲಿನಿಂದ ಬೋಂಡ ತರಿಸಿಟ್ಟ. ಒಂದು ಫೈಲು ತೆರೆದಿಟ್ಟು ಕಾಯುತ್ತ ಕೂತ. ಮೆಟ್ಟಿಲಲ್ಲಿ ಗೆಳೆಯನ ಕೆಮ್ಮು ಕೇಳಿಸಿತು. ಅವನು ಬಂದದ್ದಕ್ಕೆ ವ್ಯಾಪಾರಿಗೆ ನಿಜವಾಗಿ ಸಂತೋಷವಾಯಿತು. ಅದೇ ಹೊತ್ತಿಗೆ ಅವನ ಕೈ ಮುಂದೆ ಹೋಗಿ ಪರದೆಯನ್ನು ಗೋಡೆಯ ಕಡೆ ತಿರುಗಿಸಿತು.

ಗೆಳೆಯ ಅದನ್ನು ಬಾಗಿಲಿನಿಂದಲೇ ಕಂಡ.

ಕುರ್ಚಿಯವರೆಗೆ ಬಂದ. ಕನ್ನಡಕದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಕೊಂಚ ನಿಂತ. ಅದನ್ನು ತೆರೆಯಲಿಲ್ಲ. "ಕಣ್ಣು ಈಗೀಗ ಸಾಲದು ಶೆಟ್ಟರೇ. ಟೈಪು ಇನ್ನು ಆಗೋದಿಲ್ಲ," ಎಂದ. ಒಂದು ಬೋಂಡ ತಿಂದ, ಚೆನ್ನಾಗಿದೆ ಎಂದ, ನೀರು ಕುಡಿದು ಹೊರಟ. ಆಮೇಲೆ ಬೀದಿಯಲ್ಲಿ ಕಂಡಾಗ ನಮಸ್ಕಾರ ಮಾಡುತ್ತಿದ್ದ. ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ವ್ಯಾಪಾರ ಚೇತರಿಸಿಕೊಂಡಿತು. ಬತ್ತಿಯಲ್ಲಿ ಮೊದಲಿನ ವಾಸನೆ ಬಂತು ಎಂದು ಗಿರಾಕಿಗಳು ಹೇಳಿದರು. ವ್ಯಾಪಾರಿಯ ಮೂಗಿಗೆ ಅದು ಗೊತ್ತಾಗುತ್ತಿರಲಿಲ್ಲ. ಹೌದೇ ಅಲ್ಲವೇ ಎಂದು ಕೇಳಲು ಸಂಜೆಯ ಹೊತ್ತು ಅವನ ಬಳಿ ಯಾರೂ ಇರಲಿಲ್ಲ.

ಇಷ್ಟು ಹೇಳಿ ಗುರು ಮಾತು ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಕಂಪ್ಯೂಟರಿನ ಗುರುತನ್ನು ಅವನು ತಿದ್ದಿದನಲ್ಲ ಗುರುಗಳೇ. ಮನಸ್ಸಿನದನ್ನೂ ಹಾಗೆಯೇ ತಿದ್ದಿಕೊಳ್ಳಲು ಯಾಕೆ ಆಗಲಿಲ್ಲ?"

"ಗುರುತು ಹಾಕುವ ಮೊದಲು ಕಂಪ್ಯೂಟರು ಅವನನ್ನು ಕೇಳಿತ್ತು," ಎಂದರು ಗುರು, "ಮನಸ್ಸು ಕೇಳದೆಯೇ ಹಾಕಿಕೊಂಡಿತ್ತು."